ಕೌದಿಯ ನಾಲ್ಕು ಮಗ್ಗುಲು

ಹತ್ತಿ ಸೀರೆಗೆ ವಯಸ್ಸಾದಷ್ಟೂ ಗುಣ ಹೆಚ್ಚು. ಹೊಸದಿದ್ದಾಗ ಗಂಜಿಯ ಬಿಗುಮಾನದಲ್ಲಿ ನೆರಿಗೆ ಹಿಡಿಯಲಿಕ್ಕೂ ಹಟ ಮಾಡುತ್ತದೆ. ವರ್ಷಾನುಗಟ್ಟಲೆ ಒಗೆಸಿಕೊಂಡು, ಕಲ್ಲಿಗೆ ಬಡಿಸಿಕೊಂಡು, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಪಡಸಾಲೆಯ ಹಗ್ಗದ ಮೇಲೆ ಒಣಗದೆ ಜೋತುಬಿದ್ದು, ಕೊನೆಗೊಮ್ಮೆ ಮೆತ್ತಗಾಗುತ್ತದೆ. ಇನ್ನು ಉಡಲಿಕ್ಕೆ ಬಾರದು, ಎಲ್ಲಿ ಎಳೆದರೆ ಅಲ್ಲಿ ಪಿಸಿಯುತ್ತದೆ ಅನ್ನುವ ಹೊತ್ತಿಗೆ ಅದರಷ್ಟು ಹಿತವಾದ ಬಟ್ಟೆ ಮತ್ತೊಂದಿರುವುದಿಲ್ಲ. ನಮ್ಮ ಕಡೆಯ ಹೆಂಗಸರು ಅಂಥ ಸೀರೆಯನ್ನು ಒಗೆದು, ಬಿಸಿಲಿಗೆ ಹಾಕಿ, ಮಡಚಿ ಗಂಟು ಕಟ್ಟಿ ಇಡುತ್ತಾರೆ. ಗಂಟು ದಪ್ಪವಾದಾಗ ಕೌದಿಯಾಗುತ್ತದೆ.

ಮಾಳಮಡ್ಡಿಯ ಒಂದು ಹಳೆಯ ಮನೆಯ ಪಡಸಾಲೆಯಲ್ಲಿ ನಾವು ಕೆಲವರು ಬುಧವಾರ ಮಧ್ಯಾಹ್ನ ಕೂಡುತ್ತೇವೆ. ಊಟದ ಭಾಂಡೆ ತೊಳೆದಿಟ್ಟು, ಮನೆಯ ಗಂಡಸರು ಅಡ್ಡಾದ ಮೇಲೆ, ಸಂಜೆಯ ಚಹಾದ ಹೊತ್ತಿನವರೆಗೆ. ಮಂಗಳವಾರ ಊರ ಸಂತೆ. ಅಂದು ಯಾರೂ ಬರಲಾರರು. ಗುರುವಾರ ಒಬ್ಬರಿಗೆ ಮಠ, ಶುಕ್ರವಾರ ಇನ್ನೊಬ್ಬರಿಗೆ ನಮಾಜಿನ ದಿನ, ಮತ್ತೊಬ್ಬರಿಗೆ ಲಕ್ಷ್ಮಿ. ಹಾಗಾಗಿ ಯಾವ ದೇವರಿಗೂ ಅಡ್ಡ ಬಾರದ ಬುಧವಾರ ನಮ್ಮದಾಯಿತು. ಗುಂಪಿಗೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಪಾವತಿ ಪುಸ್ತಕವಿಲ್ಲ. ಒಂದು ಡಬ್ಬಿಯಿದೆ. ದಾರಕ್ಕೆ, ಸೂಜಿಗೆ, ಬಸ್ಸಿನ ಖರ್ಚಿಗೆ ಆದಷ್ಟು ಅದರಲ್ಲಿ ಹಾಕುತ್ತೇವೆ. ಹೊಲಿದದ್ದೆಲ್ಲ ಕೊಟ್ಟುಬಿಡುತ್ತೇವೆ, ಒಂದನ್ನೂ ಮಾರುವುದಿಲ್ಲ.

ಮನೆ ವೈನಿಯದು. ಎಲ್ಲರಿಗಿಂತ ಹಿರಿಯಳು ಹೊಸಯಲ್ಲಾಪುರದ ಅವ್ವ. ಬೈಲಹೊಂಗಲ ಕಡೆಯ ಒಕ್ಕಲುಮನೆಯಿಂದ ಬಂದವಳು, ಕನ್ನಡಕವಿಲ್ಲದೆ ಇಂದಿಗೂ ಸೂಜಿಗೆ ದಾರ ಪೋಣಿಸುತ್ತಾಳೆ. ಶಾಲೆಯಿಂದ ನಿವೃತ್ತರಾದ ಅಕ್ಕೋರಿದ್ದಾರೆ. ಅವರು ಬಟ್ಟೆಯನ್ನು ಅಳೆಯದೆ ಕತ್ತರಿಸಗೊಡುವುದಿಲ್ಲ. ಖಾಲಾ ಇದ್ದಾಳೆ, ಅವಳ ಮಗನದು ಟೇಲರ್ ಅಂಗಡಿ, ಅಲ್ಲಿ ಉಳಿದ ತುಂಡುಗಳನ್ನು ಚೀಲದಲ್ಲಿ ತುಂಬಿ ತರುತ್ತಾಳೆ. ಇವರೆಲ್ಲರ ಗುರು ಗೊಂದಲಿಗರ ಮನೆಯ ಅಕ್ಕ. ಅವಳ ಅವ್ವ, ಅವಳ ಅತ್ತೆ ಊರೂರು ತಿರುಗಿ, ಓಣಿಯಲ್ಲಿ ಕೂಗಿ, ಕರೆದವರ ಕಟ್ಟೆಯ ಮೇಲೆ ಕುಳಿತು ಕೌದಿ ಹೊಲಿದುಕೊಟ್ಟು ಕಾಳು, ಕಡಿ, ಹಳೆ ಸೀರೆ, ನಾಲ್ಕು ದುಡ್ಡು ಪಡೆದು ಬದುಕಿದವರು.

ಈ ಅಕ್ಕನ ವಿಷಯದಲ್ಲಿ ಮೊದಮೊದಲಿಗೇ ಒಂದು ಮಾತು ನಿಶ್ಚಯವಾಗಬೇಕಾಗಿತ್ತು. ನಮಗೆ ಇದು ಬಿಡುವಿನ ಕೆಲಸ. ಅವಳಿಗೆ ಇದೇ ಕಸುಬು. ನಮ್ಮ ಜೊತೆ ಅವಳೂ ಪುಕ್ಕಟೆ ಹೊಲಿಯಬೇಕೆಂದು ಬಯಸುವುದು ಅನ್ಯಾಯ. ಅವ್ವ ಅದನ್ನು ಬಾಯಿಬಿಟ್ಟು ಹೇಳಿದಳು: "ಸೇವಾ ಅನ್ನೂದು ಹೊಟ್ಟಿ ತುಂಬಿದವರ ಮಾತವಾ. ಆಕಿ ದಗದಕ್ಕ ರೊಕ್ಕಾ ಕೊಡ್ರಿ, ಆಮ್ಯಾಲೆ ಆಕಿ ಖುಷಿಲೆ ಎಷ್ಟ ಹೊಲೀತಾಳ ಹೊಲೀಲಿ." ಅಂದಿನಿಂದ ಡಬ್ಬಿಯ ಹಣದಲ್ಲಿ ಅವಳ ದಿನಗೂಲಿ ಮೊದಲು ತೆಗೆದಿಡುತ್ತೇವೆ. ದಾನಕ್ಕಾಗಿ ನಡೆಯುವ ಎಷ್ಟೋ ಒಳ್ಳೆಯ ಕೆಲಸಗಳಲ್ಲಿ ಕೈಕೆಲಸ ಬಲ್ಲ ಬಡವರ ಶ್ರಮವನ್ನೇ ಎಲ್ಲರಿಗಿಂತ ಮೊದಲು ದಾನವೆಂದು ಎಣಿಸಿಬಿಡುತ್ತಾರೆ. ಅದು ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಕೌದಿಯ ಕೆಲಸ ಬಟ್ಟೆ ಆರಿಸುವುದರಿಂದ ಶುರುವಾಗುತ್ತದೆ. ಪಡಸಾಲೆಯ ನೆಲದ ಮೇಲೆ ಗಂಟು ಬಿಚ್ಚಿದರೆ ಸಾಕು, ಮನೆಮನೆಯ ಇತಿಹಾಸ ಹೊರಬರುತ್ತದೆ. ಇಳಕಲ್ ಸೀರೆಗಳ ದಡಿ ನೋಡಿ ಅವ್ವ ಹೆಸರು ಹೇಳುತ್ತಾಳೆ: ಇದು ಗೋಮಿ, ಇದು ಪರಾಸಪೇಟ, ಇದು ಗಾಡಿ ದಡಿ. ಇಳಕಲ್ ಸೀರೆಯ ಒಡಲಿನ ಹಾಸುನೂಲನ್ನು ಸೆರಗಿನ ಹಾಸುನೂಲಿಗೆ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಅದಕ್ಕೇ ಒಡಲು ಹತ್ತಿಯದಿದ್ದರೂ ಕೆಂಪು ಸೆರಗು ರೇಷ್ಮೆಯದಾಗಬಹುದು. ಕೌದಿಗೆ ನಮಗೆ ಬೇಕಾದದ್ದು ಒಡಲು. ಹಳೆಯ ರೇಷ್ಮೆ ಮಡಿಕೆಯಲ್ಲಿಯೇ ಸೀಳುತ್ತದೆ, ಹತ್ತಿಯ ಜೊತೆ ಒಗೆತಕ್ಕೆ ಹೊಂದುವುದಿಲ್ಲ. ಧೋತ್ರ ಬಂದರೆ ಹಬ್ಬ. ಅದರಷ್ಟು ಒಳ್ಳೆಯ ಒಳಪದರು ಇನ್ನೊಂದಿಲ್ಲ. ಗುಳೇದಗುಡ್ಡದ ಖಣದ ಕುಪ್ಪಸಗಳು ಮೂಲೆಗೆ ಬಣ್ಣದ ತುಂಡಾಗಿ ಒದಗುತ್ತವೆ. ಪಾಲಿಯೆಸ್ಟರ್ ಮಾತ್ರ ನಮ್ಮ ಶತ್ರು. ಅದು ಬೆವರು ಕುಡಿಯುವುದಿಲ್ಲ, ಸೂಜಿಗೆ ಜಾರುತ್ತದೆ, ಪದರಿನೊಳಗೆ ನಿಂತಲ್ಲಿ ನಿಲ್ಲುವುದಿಲ್ಲ, ಕಿಡಿ ತಾಕಿದರೆ ಕರಗಿ ಮೈಗೆ ಅಂಟುತ್ತದೆ. ಒಲೆಯ ಪಕ್ಕ ಮಲಗುವ ಮಕ್ಕಳಿಗೆ ಅದನ್ನು ಹೊದಿಸಬಾರದು. ಈಗೀಗ ಗಂಟಿನಲ್ಲಿ ಅರ್ಧಕ್ಕರ್ಧ ಅದೇ ಬರುತ್ತದೆ. ಕೊಟ್ಟವರ ಮನಸ್ಸು ನೋಯದಂತೆ ಇಸಿದುಕೊಂಡು, ಕಾಲೊರಸಿಗೆ ಬೇರೆ ಇಡುತ್ತೇವೆ.

ಅಡಿಯ ಸೀರೆಯನ್ನು ಹಾಸಿ ನಾಲ್ಕು ಮೂಲೆಗೂ ಭಾರ ಇಡಬೇಕು. ನಮ್ಮಲ್ಲಿ ಒಂದು ಮೂಲೆಗೆ ಬೀಸುವ ಕಲ್ಲಿನ ಮೇಲ್ಭಾಗ, ಉಳಿದವಕ್ಕೆ ವೈನಿಯ ಹಿತ್ತಾಳೆ ಡಬ್ಬಿಗಳು. ಮೇಲೆ ಒಂದೊಂದೇ ಒಳಪದರು. ಇಲ್ಲಿ ಅವಸರ ಸಲ್ಲದು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾದರೆ ಹೊದ್ದವರ ಒಂದು ಭುಜ ಬೆಚ್ಚಗೆ, ಇನ್ನೊಂದು ತಣ್ಣಗೆ. ಹರಿದ ಜಾಗದ ಮೇಲೆ ಗಟ್ಟಿ ತುಂಡು, ಗಟ್ಟಿ ಜಾಗದ ಮೇಲೆ ತೆಳುವಿನದು. ಎಲ್ಲದರ ಮೇಲೆ ಮೇಲುಸೀರೆ. ಆಮೇಲೆ ಅಲ್ಲಲ್ಲಿ ಉದ್ದದ ಟಾಕಿ ಹಾಕಿ ಪದರುಗಳನ್ನು ಹಿಡಿದು ನಿಲ್ಲಿಸಿ, ಅಂಚಿನಿಂದ ಹೊಲಿಗೆ ಶುರು. ಸಾದಾ ಓಡುಹೊಲಿಗೆಯೇ, ಮೇಲೊಂದು ಕೆಳಗೊಂದು. ಅಂಚಿನ ಉದ್ದಕ್ಕೆ ಒಂದು ಸುತ್ತು, ಬೆರಳಗಲ ಬಿಟ್ಟು ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಹೀಗೆ ಚೌಕದೊಳಗೆ ಚೌಕವಾಗಿ ನಡುವಿನವರೆಗೆ. ಹೊಲಿಗೆಯ ಸಾಲುಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಕೌದಿಯ ಬಿಸುಪು. ಹೊಲಿಗೆ ಬಹಳ ಬಿಗಿಯಾದರೆ ಗಾಳಿಗೆ ಜಾಗವಿಲ್ಲ. ಬಹಳ ಸಡಿಲಾದರೆ ಒಗೆದಾಗ ಒಳಬಟ್ಟೆ ಒಂದು ಮೂಲೆಗೆ ಹೋಗಿ ಮುದ್ದೆಯಾಗುತ್ತದೆ. ಎಷ್ಟು ಬಿಗಿ ಎಂಬುದನ್ನು ಗೊಂದಲಿಗರ ಅಕ್ಕ ಬಾಯಿಂದ ಹೇಳಿಕೊಡಲಿಲ್ಲ. ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ದಾರ ಎಳೆದು ತೋರಿಸಿದಳು.

ದೊಡ್ಡ ಕೌದಿಗೆ ನಾಲ್ಕು ಮಗ್ಗುಲಿಗೆ ನಾಲ್ವರು ಕೂಡುತ್ತೇವೆ. ಒಬ್ಬಳು ಬೇಗ ಬೇಗ ಹೊಲಿದುಕೊಂಡು ಒಳಗೆ ಹೋಗುವಂತಿಲ್ಲ. ಹೋದರೆ ಬಟ್ಟೆ ಅವಳ ಕಡೆ ಎಳೆದು ಉಳಿದ ಮೂರು ಕಡೆ ನೆರಿಗೆ ಬೀಳುತ್ತದೆ. ಕೈ ಚುರುಕಿನವಳು ನಿಲ್ಲಬೇಕು, ನಿಧಾನದವಳಿಗಾಗಿ ಕಾಯಬೇಕು. ಆ ಕಾಯುವ ಹೊತ್ತಿನಲ್ಲೇ ಮಾತು ಹುಟ್ಟುವುದು. ಎಲ್ಲರ ಕಣ್ಣೂ ಬಟ್ಟೆಯ ಮೇಲಿರುತ್ತವೆ, ಯಾರೂ ಯಾರ ಮುಖವನ್ನೂ ನೋಡುತ್ತಿರುವುದಿಲ್ಲ. ಹಾಗಾಗಿಯೇ ಮುಖ ನೋಡಿ ಹೇಳಲಾರದ ಮಾತುಗಳನ್ನು ಇಲ್ಲಿ ಹೇಳಬಹುದು. ಮಗ ಫೋನ್ ಮಾಡುವುದನ್ನು ಬಿಟ್ಟಿದ್ದನ್ನು ಅಕ್ಕೋರು ಹೇಳಿದ್ದು ಇಲ್ಲಿ. ಗರ್ಭಕೋಶ ತೆಗೆಸಬೇಕೆಂದು ಡಾಕ್ಟರರು ಅಂದದ್ದನ್ನು ಒಬ್ಬಳು ಮನೆಯಲ್ಲಿ ಹೇಳುವ ಮೊದಲು ಹೇಳಿದ್ದು ಇಲ್ಲಿ. ಹೇಳಿದ ಮೇಲೆ ಯಾರೂ ಹೌಹಾರಲಿಲ್ಲ. ಖಾಲಾ ಸೂಜಿ ನಿಲ್ಲಿಸದೆ, "ಯಾವ ದವಾಖಾನಿ? ನಾ ಬರ್ತೇನಿ ನಿನ್ ಜೋಡಿ" ಅಂದಳು. ಹೇಳಿದಂತೆ ಹೋದಳು, ರಾತ್ರಿ ಅಲ್ಲೇ ಬೆಂಚಿನ ಮೇಲೆ ಮಲಗಿದಳು.

ಹಿಂದೆ ಇಂಥ ಗೆಳೆತನ ಹೆಂಗಸರಿಗೆ ಬಾವಿಕಟ್ಟೆಯಲ್ಲಿ, ಹಳ್ಳದ ದಂಡೆಯಲ್ಲಿ, ಕುಟ್ಟುವ ಬೀಸುವ ಜಾಗದಲ್ಲಿ ಸಿಗುತ್ತಿತ್ತು. ನಳ ಮನೆಯೊಳಗೆ ಬಂತು, ಗಿರಣಿ ಓಣಿಗೆ ಬಂತು. ಒಳ್ಳೆಯದೇ ಆಯಿತು, ಬೆನ್ನು ಉಳಿಯಿತು. ಆದರೆ ಕೈಗೆ ಕೆಲಸವಿದ್ದು ಬಾಯಿಗೆ ಬಿಡುವಿರುವ ಆ ಜಾಗ ಹೋಯಿತು. ಸುಮ್ಮನೆ ಕೂತು ಮಾತಾಡೋಣ ಬನ್ನಿ ಅಂದರೆ ನಮ್ಮ ಹೆಂಗಸರು ಬರುವುದಿಲ್ಲ. ಕೆಲಸವಿಲ್ಲದೆ ಕೂಡುವುದು ಅವರಿಗೆ ತಪ್ಪೆನಿಸುತ್ತದೆ. ಕೌದಿ ಹೊಲಿಯಬೇಕಾಗಿದೆ, ಒಂದು ಕೂಸು ಕಾಯುತ್ತಿದೆ ಎಂದರೆ ಓಡಿ ಬರುತ್ತಾರೆ.

ಕೂಸುಗಳಿಗಾಗಿಯೇ ನಾವು ಹೊಲಿಯುವುದು ಹೆಚ್ಚು. ಅವಕ್ಕೆ ದುಪಟಿ, ಅಂದರೆ ಎರಡೋ ಮೂರೋ ಪದರಿನ ಚಿಕ್ಕ ಕೌದಿ. ಜೊತೆಗೆ ಕಿವಿ ಮುಚ್ಚುವ ಕುಂಚಿಗೆ. ದೊಡ್ಡ ಆಸ್ಪತ್ರೆಗಳಲ್ಲಿ ಅವಸರದ ಕೂಸುಗಳನ್ನಿಡುವ ಕೋಣೆಯೊಳಗೆ ಹೊರಗಿನ ಬಟ್ಟೆ ಬಿಡುವುದಿಲ್ಲ, ಬಿಡಲೂಬಾರದು. ಆದ್ದರಿಂದ ಬಾಣಂತಿ ಮನೆಗೆ ಹೊರಡುವ ಹೊತ್ತಿಗೆ ಕೊಡುತ್ತೇವೆ. ಹಳ್ಳಿಯ ಬಸ್ಸಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ. ಆ ದಾರಿಯ ಗಾಳಿಗೆ ದುಪಟಿ ಬೇಕು. ಕುದಿಯುವ ನೀರಿನಲ್ಲಿ ಅದ್ದಿ, ಕಡು ಬಿಸಿಲಿಗೆ ಒಣಗಿಸಿ, ಬಿಳಿ ಧೋತ್ರದ ತುಂಡಿನಲ್ಲಿ ಕಟ್ಟಿ ಒಯ್ಯುತ್ತೇವೆ. ಇನ್ನೊಂದಿಷ್ಟು ಕೌದಿಗಳು ಕಬ್ಬು ಕಡಿಯುವವರಿಗೆ. ದೀಪಾವಳಿ ಮುಗಿದ ಮೇಲೆ ಬೆಳಗಾವಿ, ಬಾಗಲಕೋಟೆ ಕಡೆಯ ಕಾರ್ಖಾನೆಗಳು ಶುರುವಾದರೆ ಮಹಾರಾಷ್ಟ್ರದ ಬೀಡದಿಂದ, ನಮ್ಮ ವಿಜಯಪುರದ ತಾಂಡಾಗಳಿಂದ ಸಂಸಾರಸಮೇತ ಬರುತ್ತಾರೆ. ಕಟಾವಾದ ಹೊಲದಲ್ಲಿಯೇ ತಾಡಪತ್ರಿಯ ಗುಡಿಸಲು. ನೀರುಂಡ ಕರಿ ಭೂಮಿ, ಮಾರ್ಗಶಿರದ ಚಳಿ. ಅಲ್ಲಿ ಹೊದಿಕೆಗಿಂತ ಹಾಸಿಗೆ ಮುಖ್ಯ. ಚಳಿ ಮೇಲಿನಿಂದ ಬರುವುದಕ್ಕಿಂತ ನೆಲದಿಂದ ಏರುವುದೇ ಹೆಚ್ಚು. ಅವರಿಗೆ ನಾವು ಪದರು ಹೆಚ್ಚು ಹಾಕಿ ದಪ್ಪನೆಯ ಕೌದಿ ಹೊಲಿಯುತ್ತೇವೆ.

ಅಂಗಡಿಯಲ್ಲಿ ಅಗ್ಗಕ್ಕೆ ಬ್ಲಾಂಕೆಟ್ ಸಿಗುವಾಗ ಇಷ್ಟು ತ್ರಾಸು ಯಾಕೆ ಎಂದು ಕೇಳುವವರಿದ್ದಾರೆ. ಅದೇ ಹಣದಲ್ಲಿ, ಅದೇ ಹೊತ್ತಿನಲ್ಲಿ ಹತ್ತು ಪಟ್ಟು ಜನಕ್ಕೆ ಕೊಡಬಹುದಲ್ಲ ಎನ್ನುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ. ಚಳಿಗೆ ಸಾಯುವವನ ಮುಂದೆ ಕೌದಿಯ ಕಲೆ ಹೇಳುತ್ತ ಕೂಡಬಾರದು. ಬ್ಲಾಂಕೆಟ್ ಕೊಡಬೇಕು, ಕೊಟ್ಟಿದ್ದೇವೆ. ಆದರೂ ಹೊಲಿದು ಕೊಡುವುದರಲ್ಲಿ ಬೇರೇನೋ ಇದೆ ಎಂದು ನಾನು ನಂಬಿದ್ದೇನೆ. ಅದನ್ನು ನನಗೆ ತೋರಿಸಿದ್ದು 2019ರ ಪ್ರವಾಹ.

ಆ ಆಗಸ್ಟ್ ತಿಂಗಳ ಮೊದಲ ವಾರ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ಒಮ್ಮೆಲೇ ಏರಿದವು. ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಬಿಟ್ಟಾಗ ಕೆಳಗಿನ ರಾಮದುರ್ಗ, ಕೊಣ್ಣೂರುಗಳ ಕಡೆ ಹಳ್ಳಿಗೆ ಹಳ್ಳಿಯೇ ಮುಳುಗಿತು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ಹೊಳೆ ನಿಂತಿತು. ವರ್ಷಗಟ್ಟಲೆ ಬರವೆಂದು ಅತ್ತ ಹೊಳೆಸಾಲು ಅದು. ನೀರು ಇಳಿದ ಮೇಲೆ ರಾಮದುರ್ಗ ತಾಲೂಕಿನ ಒಂದು ಹಳ್ಳಿಗೆ ಹೋದೆವು. ದಾರಿಯ ಎರಡೂ ಬದಿಗೆ ಬಟ್ಟೆಯ ಗುಡ್ಡೆಗಳು. ದೂರದ ಪಟ್ಟಣಗಳಿಂದ ಲಾರಿಗಟ್ಟಲೆ ಬಂದದ್ದು. ಗುಂಡಿ ಕಿತ್ತ ಶರ್ಟು, ಜಿಪ್ಪು ಹೋದ ಪ್ಯಾಂಟು, ಮದುವೆಯ ಜರಿ ಗೌನು, ಒಂಟಿ ಕಾಲುಚೀಲ. ಮಳೆಯಲ್ಲಿ ನೆನೆದು ನಾರುತ್ತಿದ್ದವು; ದನ ತುಳಿದು ಹೋಗುತ್ತಿದ್ದವು. ಶಾಲೆಯಲ್ಲಿ ಆಸರೆ ಪಡೆದ ಹೆಂಗಸರು ಅದರತ್ತ ತಿರುಗಿಯೂ ನೋಡಿರಲಿಲ್ಲ. ಕೊಟ್ಟವರು ಕೆಟ್ಟವರಲ್ಲ. ಕಪಾಟು ಖಾಲಿ ಮಾಡಿ ಕೈಮುಗಿದು ಕಳಿಸಿದ್ದಾರೆ. ಆದರೆ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟುಬಂದ ಮಾನವಂತ ಹೆಣ್ಣುಮಗಳು ಬೀದಿಯ ಗುಡ್ಡೆಯಲ್ಲಿ ಕೈಹಾಕಿ ತಡಕಾಡಲಾರಳು.

ನಾವು ಒಯ್ದದ್ದೂ ಹಳೆಯ ಬಟ್ಟೆಯನ್ನೇ. ಆದರೆ ಅದು ಕೌದಿಯಾಗಿತ್ತು. ಬಿಚ್ಚಿದ ಕೂಡಲೆ ಹೆಂಗಸರು ಸುತ್ತ ನೆರೆದರು. ಒಬ್ಬಾಕೆ, ಮೊಮ್ಮಗುವನ್ನು ಸೊಂಟದ ಮೇಲೆ ಕೂಡಿಸಿಕೊಂಡಿದ್ದವಳು, ದುಪಟಿಯೊಂದನ್ನು ತೆಗೆದುಕೊಂಡು ಮೊದಲು ಮಗುಚಿ ಹಿಂಬದಿ ನೋಡಿದಳು. ಹೆಬ್ಬೆರಳಿನಿಂದ ಹೊಲಿಗೆ ಸವರುತ್ತ ಹೋಗಿ ಒಂದು ಕಡೆ ನಿಂತಳು.

"ಇದನ್ನ ಯಾರ್ ಹೊಲದೀರಿ? ಟಾಕಿ ದೊಡ್ಡು ಬಿದ್ದಾವ್ ನೋಡ್ರಿ ಇಲ್ಲಿ. ಕೂಸಿನ ಕಾಲ್ಬಳ್ಳ ಸಿಗಬೀಳ್ತಾವು."

ಅದು ನಿಜ. ಉದ್ದ ಬಿದ್ದ ಟಾಕಿಯೊಳಗೆ ಹಸುಗೂಸಿನ ಕಾಲ್ಬೆರಳು ಸಿಕ್ಕಿದರೆ ದಾರ ಸುತ್ತಿಕೊಳ್ಳುತ್ತದೆ. ಅಕ್ಕೋರು ಪರ್ಸಿನಿಂದ ಸೂಜಿ ದಾರ ತೆಗೆದುಕೊಟ್ಟರು. ಆಕೆ ಮೊಮ್ಮಗುವನ್ನು ನನ್ನ ಕೈಗೆ ಕೊಟ್ಟು, ಶಾಲೆಯ ಜಗಲಿಯ ಮೇಲೆ ಕುಳಿತು, ಆ ಸಾಲನ್ನು ಬಿಚ್ಚಿ ಮತ್ತೆ ಹೊಲಿದಳು. ಸಣ್ಣ ಜೋಳದ ಕಾಳಿನಂಥ ಟಾಕಿಗಳು. ಮನೆ ಮುಳುಗಿದ ಮೇಲೆ ಅವಳ ಕೈಗೆ ಅವಳದೇ ಕೆಲಸ ಸಿಕ್ಕಿದ್ದು ಅದೇ ಮೊದಲಿರಬೇಕು. ಕೊಡುವವರು, ಇಸಿದುಕೊಳ್ಳುವವರು ಎಂಬುದು ಆ ಜಗಲಿಯ ಮೇಲೆ ಅಳಿಸಿಹೋಯಿತು. ಅಲ್ಲಿದ್ದವರು ಕೌದಿ ಬಲ್ಲವರು ಮತ್ತು ಇನ್ನೂ ಕಲಿಯುತ್ತಿರುವವರು, ಅಷ್ಟೆ. ನಾವು ಕಲಿಯುತ್ತಿರುವವರ ಸಾಲಿನಲ್ಲಿದ್ದೆವು.

ಅವರು ನಮ್ಮನ್ನು ತಮ್ಮ ಮನೆಗಳಿಗೆ ಕರೆದೊಯ್ದರು. ಜೋಳದ ಹಗೇವು ಕೊಳೆತಿತ್ತು, ಗೋಡೆಯ ಮಣ್ಣು ಜರಿದಿತ್ತು. ಅವರಿಗೆ ನಮ್ಮಿಂದ ಬೇಕಾಗಿದ್ದದ್ದು ಒಂದೇ ಸಹಾಯ: ನೆನೆದ ಕೌದಿಗಳನ್ನು ಹೊರಗೆಳೆಯುವುದು. ನೀರುಂಡ ಕೌದಿಯ ಭಾರ ಎತ್ತಿದವರಿಗೇ ಗೊತ್ತು. ಪದರು ಪದರಿನಲ್ಲೂ ಹೊಳೆಯ ರಾಡಿ ಕೂತು ಅದು ಇಬ್ಬರಿಗೂ ಜಗ್ಗುವುದಿಲ್ಲ. ಕಾಲುವೆಯ ದಂಡೆಗೆ ಹೊತ್ತೊಯ್ದು, ನೀರಲ್ಲಿ ಬಿಟ್ಟು ತುಳಿದು, ಆ ತುದಿಗೆ ಇಬ್ಬರು ಈ ತುದಿಗೆ ಇಬ್ಬರು ನಿಂತು ಹಿಂಡಿದೆವು. ಹಿಂಡಿದಷ್ಟೂ ಕರಿ ನೀರು. ಒಬ್ಬ ಮುದುಕಿ ದಂಡೆಯ ಮೇಲೆ ಕುಳಿತು ಯಾವ ತುಂಡು ಯಾರ ಸೀರೆಯದೆಂದು ಹೇಳುತ್ತಿದ್ದಳು: ಇದು ನಮ್ಮವ್ವನ ಚಂದ್ರಕಾಳಿ, ಇದು ಸತ್ತ ಹಿರೇ ಸೊಸಿದು, ಇದು ನನ್ನ ಮದುವಿ ಸೀರಿ. ಪರಿಹಾರದ ಪಟ್ಟಿಯಲ್ಲಿ ಗೋಡೆಗೆ, ದನಕ್ಕೆ, ಪಾತ್ರೆ ಪಡಗಕ್ಕೆ ಜಾಗವಿರುತ್ತದೆ. ಅವಳು ಎಣಿಸುತ್ತಿದ್ದದ್ದನ್ನು ಬರೆದುಕೊಳ್ಳಲು ಕಾಲಂ ಇರಲಿಲ್ಲ. ಹಲವು ಕೌದಿಗಳು ಒಣಗುವ ಮೊದಲೇ ಹರಿದವು. ಅವರು ಅವನ್ನು ಎಸೆಯಲಿಲ್ಲ. ಗಟ್ಟಿಯಿದ್ದ ಗೇಣು ಮೊಳ ಕತ್ತರಿಸಿಕೊಂಡು, ನಾವು ಒಯ್ದ ಕೌದಿಗಳ ನಟ್ಟನಡುವೆ ಇಟ್ಟು ಹೊಲಿದರು.

ನಡುವೆ ಎಂದೆ. ನಮ್ಮ ಅವ್ವನ ಊರಲ್ಲಿ ಕೌದಿಯ ನಡುವಿನ ಕೊನೆಯ ಗೇಣನ್ನು ಖಾಲಿ ಮುಚ್ಚುವುದಿಲ್ಲ. ಖಾಲಿ ಮುಚ್ಚಿದ ಕೌದಿ ಹಸಿದಿರುತ್ತದೆ, ಹೊದ್ದವರಿಗೂ ಹಸಿವು ತರುತ್ತದೆ ಎಂಬುದು ಅವರ ನಂಬಿಕೆ. ಅದಕ್ಕೆ ಒಂದು ಚಿಟಿಕೆ ಅಕ್ಕಿ, ಬೆಲ್ಲ ಇಟ್ಟು ಹೊಲಿಗೆ ಮುಗಿಸಬೇಕು. ಕೂಸುಗಳ ದುಪಟಿಗೆ ಇರುವೆ ಬರುತ್ತವೆಂದು ಬೆಲ್ಲ ಬಿಟ್ಟಿದ್ದೇವೆ. ನಾಲ್ಕು ಅಕ್ಕಿಕಾಳು ಬಿಟ್ಟಿಲ್ಲ. ಅವ್ವ ತನ್ನ ಕೈಯಿಂದಲೇ ಇಡುತ್ತಾಳೆ.

ಅಂಚಿನಿಂದ ನಡುವಿಗೆ ಬರುವ ಈ ಹೊಲಿಗೆಯನ್ನು ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳಲ್ಲಿ ನೋಡಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಬದುಕುವ ಸಿದ್ದಿಗಳು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ, ತರಲ್ಪಟ್ಟವರ ಮಕ್ಕಳು. ಹಿಂದೂ, ಮುಸಲ್ಮಾನ, ಕ್ರೈಸ್ತ ಮೂವರೂ ಅವರಲ್ಲಿದ್ದಾರೆ, ಮೂವರ ಕೈಯಲ್ಲೂ ಅದೇ ಹೊಲಿಗೆ. ಒಂದು ಮೂಲೆಯಿಂದ ಹೊರಟು ಸುತ್ತುತ್ತ ಸುತ್ತುತ್ತ, ದಾರಿಯುದ್ದಕ್ಕೂ ಬಣ್ಣದ ತುಂಡು ಹಚ್ಚುತ್ತ ಒಳಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಹೂಗಳನ್ನು ಇಡದೆ ಅವರ ಕೌದಿ ಪೂರ್ತಿಯಾಗುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಾಲ್ ಅವರ ನಡುವೆ ಓಡಾಡಿ ಈ ಕೌದಿಗಳನ್ನು ಅಭ್ಯಾಸ ಮಾಡಿದರು. 2004ರಲ್ಲಿ ಸಿದ್ದಿ ಹೆಂಗಸರದೇ ಒಂದು ಕೌದಿ ಸಹಕಾರಿ ಗುಂಪು ಶುರುವಾಯಿತು. ಅವರು ಹೊಲಿಯುವುದು ದಾನಕ್ಕಲ್ಲ, ಸ್ವಂತದ ಗಳಿಕೆಗೆ. ಅದು ನಮ್ಮ ಕೆಲಸಕ್ಕಿಂತ ಒಂದು ತೂಕ ಹೆಚ್ಚಿನದೆಂದೇ ನನ್ನ ಎಣಿಕೆ. ಖಾಲಾ ಅವರ ಕೌದಿಯ ಒಂದು ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿದ್ದಾಳೆ. ಅದನ್ನು ನೋಡಿಯೇ ನಾವೂ ಮೂಲೆಗೆ ಖಣದ ಹೂ ಇಡತೊಡಗಿದೆವು.

ಕೌದಿಗೆ ಗುಂಪಿನ ಹೆಸರಿನ ಚೀಟಿ ಹೊಲಿಯಬೇಕೆ ಎಂಬ ಚರ್ಚೆ ಒಮ್ಮೆ ಆಯಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಕೆನಡಾದ ಹೆಂಗಸರು ಚರ್ಚುಗಳಲ್ಲಿ, ಮನೆಗಳಲ್ಲಿ ಕೂಡಿ ಹೊಲಿದ ಕೌದಿಗಳು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ಬಾಂಬಿಗೆ ಮನೆ ಕಳೆದುಕೊಂಡವರ ಮೈ ಮುಚ್ಚಿದ್ದವು. ಅವುಗಳ ಮೂಲೆಗೆ ಇದು ಕೆನಡಾದ ರೆಡ್ ಕ್ರಾಸಿನ ಕೊಡುಗೆ ಎಂಬ ಪುಟ್ಟ ಪಟ್ಟಿಯಿರುತ್ತಿತ್ತು. ಹೊಲಿದವಳ ಹೆಸರು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಟೊರಾಂಟೊದಲ್ಲಿರುವ ವೈನಿಯ ಮಗಳು ಇದನ್ನೆಲ್ಲ ಹೇಳಿ, ನೀವೂ ಒಂದು ಪಟ್ಟಿ ಹಚ್ಚಿರಿ ಎಂದಿದ್ದಳು. ಅಕ್ಕೋರಿಗೂ ಮನಸ್ಸಿತ್ತು. ಅವ್ವ ಬೇಡವೆಂದಳು: "ಹೊತ್ತಕೊಂಡ ಮಲಗಿದಾಗ ದಿನಾ ರಾತ್ರಿ ಮತ್ತೊಬ್ಬರ ಉಪಕಾರ ಓದಬೇಕೇನವಾ ಅವರು?" ಅಲ್ಲಿಗೆ ಆ ಮಾತು ಮುಗಿಯಿತು.

ಇನ್ನೊಂದು ಮಾತು ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ನಮ್ಮಲ್ಲೊಬ್ಬಳ ಗಂಡ ತೀರಿಕೊಂಡ. ಬಹಳ ದಿನ ಅವಳು ಬರಲಿಲ್ಲ. ಸರದಿಯ ಮೇಲೆ ನಾವೇ ಹೋಗಿ ಕೂತು ಬರುತ್ತಿದ್ದೆವು. ಒಂದು ಬುಧವಾರ ತಾನೇ ಬಂದಳು, ಕೈಯಲ್ಲಿ ಗಂಟು. ಬಿಚ್ಚಿದರೆ ಅವನ ಧೋತ್ರಗಳು, ಬಿಳಿ ಅಂಗಿಗಳು, ಒಂದು ಪಂಚೆ. "ಇದರೊಳಗ ಕೂಸಿಗೆ ದುಪಟಿ ಆಗ್ತಾವೇನು?" ಎಂದು ಕೇಳಿದಳು. ಪಡಸಾಲೆ ಸುಮ್ಮನಾಯಿತು. ತೀರಿದವರ ಅರಿವಿಯನ್ನು ಹಸುಗೂಸಿಗೆ ಹಾಕಬಾರದೆಂಬ ಭಾವನೆ ಕೆಲವರ ಮನೆಯಲ್ಲಿ ಗಟ್ಟಿಯಾಗಿದೆ. ತುಂಬ ಬಾಳಿದ ಹಿರಿಯರ ಬಟ್ಟೆಯೇ ಕೂಸಿಗೆ ಮೊದಲ ಹಾಸಿಗೆಯಾಗಬೇಕು, ಅವರ ಆಯುಷ್ಯ ಅದಕ್ಕೆ ಬರಲಿ ಎಂದು ಬಯಸುವ ಮನೆಗಳೂ ಇವೆ. ಆದರೆ ಈತ ತುಂಬ ಬಾಳಿದವನಲ್ಲ. ತಿಳಿದೂ ತಿಳಿದೂ, ಗೊತ್ತಿಲ್ಲದ ತಾಯಿಯೊಬ್ಬಳ ಕೈಗೆ ಅದನ್ನು ಕೊಡಬಹುದೇ? ಅವಳಿಗೆ ಹೇಳಿ ಕೊಡಬೇಕೇ? ಇದು ಮೂಢನಂಬಿಕೆ ಎಂದು ತಳ್ಳಿಹಾಕುವುದು ನಮಗೆ ಸುಲಭ. ಆದರೆ ಕೊಡುವ ವಸ್ತುವಿನ ಬಗ್ಗೆ ಇಸಿದುಕೊಳ್ಳುವವಳ ಮನಸ್ಸು ಏನೆಂಬುದನ್ನು ನಾವು ನಮ್ಮ ಬುದ್ಧಿಯಿಂದ ತೀರ್ಮಾನಿಸಬಾರದು.

1987ರ ಅಕ್ಟೋಬರ್ 11ರಂದು ಅಮೆರಿಕದ ವಾಷಿಂಗ್ಟನ್ನಿನ ದೊಡ್ಡ ಬಯಲಿನಲ್ಲಿ ಏಡ್ಸ್‌ನಿಂದ ತೀರಿದವರ ಹೆಸರಿನ 1,920 ಹೊಲಿದ ಪಟ್ಟಿಗಳನ್ನು ಜೋಡಿಸಿ ಹಾಸಿದ್ದರು. ಪ್ರತಿ ಪಟ್ಟಿ ಮೂರಡಿ ಅಗಲ, ಆರಡಿ ಉದ್ದ, ಒಬ್ಬ ಮನುಷ್ಯನನ್ನು ಮಲಗಿಸುವಷ್ಟೇ. ಎಷ್ಟೋ ಪಟ್ಟಿಗಳಲ್ಲಿ ಹೋದವರ ಅಂಗಿ, ಪ್ಯಾಂಟುಗಳೇ ಹೊಲಿಗೆಯಾಗಿದ್ದವು. ಅದರ ಚಿತ್ರವನ್ನು ನಾನು ಹಿಂದೆ ನೋಡಿದ್ದೆ. ಅಂದು ಪಡಸಾಲೆಯಲ್ಲಿ ಅದರ ಬಗ್ಗೆ ಹೇಳಿದೆ. ಅವಳು ಕೇಳಿಸಿಕೊಂಡು, "ಅದು ನೋಡಾಕ ಇಡೂದಲ್ಲರಿ? ಇವರಿಗೆ ಸುಮ್ನ ಇಡೂದು ಸೇರ್ತಿರಲಿಲ್ಲ" ಅಂದಳು. ಅವನು ಪೋಸ್ಟಿನಲ್ಲಿ ಕೆಲಸ ಮಾಡಿದವನು, ಸೈಕಲ್ ಮೇಲೆ ಊರೆಲ್ಲ ತಿರುಗಿದವನು. ಗೊಂದಲಿಗರ ಅಕ್ಕ ಮಾತಾಡಲಿಲ್ಲ. ಎದ್ದು ಬಂದು ಧೋತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, ಗಟ್ಟಿಯಿದ್ದವನ್ನು ಒಂದು ಕಡೆ ಇಟ್ಟಳು. ಕೂಸಿನದು ಬೇಡ, ಕಬ್ಬಿನ ಹೊಲದವರಿಗೆ ಹಾಸುವ ಕೌದಿ ಆಗಲಿ ಎಂದಳು. ದುಡಿದವರ ಬಟ್ಟೆ ದುಡಿಯುವವರಿಗೆ. ಎಲ್ಲರಿಗೂ ಅದು ಸರಿಯೆನಿಸಿತು. ಆ ಕೌದಿಯ ನಾಲ್ಕೂ ಮಗ್ಗುಲಿಗೆ ಒಂದೊಂದು ವಾರ ಅವಳೇ ಕೂತಳು. ನಾವು ಜಾಗ ಬದಲಿಸಿಕೊಂಡೆವು.

ಕೊರೊನಾ ಬಂದಾಗ ಬುಧವಾರ ನಿಂತಿತು, ಕೌದಿ ನಿಲ್ಲಲಿಲ್ಲ. ಒಬ್ಬಳು ತನ್ನ ಮಗ್ಗುಲು ಹೊಲಿದು, ಬಿಸಿಲಿಗೆ ಹಾಕಿ, ಮಡಚಿ ಚೀಲದಲ್ಲಿ ಮುಂದಿನವಳ ಬಾಗಿಲಿಗೆ ತೂಗುಹಾಕಿ ಬರುತ್ತಿದ್ದಳು. ಹೊಲಿಗೆಯ ಸಾಲು ನೋಡಿಯೇ ಯಾರು ಚೆನ್ನಾಗಿದ್ದಾರೆ, ಯಾರ ಕೈ ನಡುಗುತ್ತಿದೆ ಎಂಬುದು ಉಳಿದವರಿಗೆ ತಿಳಿಯುತ್ತಿತ್ತು. ಒಂದು ಸಲ ಅಕ್ಕೋರ ಸಾಲು ಅಂಕುಡೊಂಕಾಗಿ ಬಂತು. ಸಂಜೆಯೊಳಗೆ ಖಾಲಾ ಅವರ ಕಿಟಕಿಯ ಕೆಳಗೆ ನಿಂತು, ಜ್ವರ ಎಷ್ಟೆಂದು ಕೇಳುತ್ತಿದ್ದಳು.

ರಾಮದುರ್ಗದ ಕಡೆಯ ಆ ಹಳ್ಳಿಯ ನಂಟು ಹಾಗೆಯೇ ಉಳಿದಿದೆ. ಟಾಕಿ ದೊಡ್ಡದಾಯಿತೆಂದ ಆ ಹೆಣ್ಣುಮಗಳು ಈಗ ತನ್ನ ಓಣಿಯಲ್ಲಿಯೇ ಏಳೆಂಟು ಜನರನ್ನು ಕೂಡಿಸಿಕೊಂಡಿದ್ದಾಳೆ. ನೀರು ಇಳಿದ ಮರುವರ್ಷಗಳಲ್ಲಿ ನಾವು ಬಟ್ಟೆಯ ಗಂಟನ್ನು ಬಸ್ಸಿಗೆ ಹಾಕಿ ಕಳಿಸುತ್ತಿದ್ದೆವು. ಕಂಡಕ್ಟರ್ ಇಳಿಸುತ್ತಿದ್ದ, ಅವಳ ಮಗ ಒಯ್ಯುತ್ತಿದ್ದ. ಮೊದಲು ತಮ್ಮ ಮನೆಗಳಿಗೆ ಹೊಲಿದುಕೊಂಡರು. ಆಮೇಲೆ ಅವರ ಕೌದಿಗಳು ಇತ್ತ ಬರತೊಡಗಿದವು, ನಮ್ಮ ಕಬ್ಬಿನ ಹೊಲದ ಜನಕ್ಕೆಂದು. ಈ ಸಲ ದೀಪಾವಳಿಗೆ ಮುಂಚೆ ಗಂಟು ಕಳಿಸುವ ಮಾತಾಡಲು ಫೋನ್ ಮಾಡಿದಾಗ ಆಕೆ ನಡುವೆಯೇ ತಡೆದಳು.

"ಅರಿವಿ ಕಳಸಬ್ಯಾಡ್ರಿ ಅಕ್ಕಾರ. ಅರಿವಿ ನಮ್ಮಲ್ಲೇ ರಗಡ ಆಗ್ಯಾವ. ದಾರ ಕಳಸ್ರಿ, ಗಟ್ಟಿ ದಾರ. ಮತ್ತ ಈ ಸಲ ಎಷ್ಟ ಕೂಸುಗಳದಾವ ಕಬ್ಬಿನ ಹೊಲದಾಗ, ಲೆಕ್ಕಾ ಹೇಳ್ರಿ."